ನನ್ನ ಜೊತೆ ಯಾಕೆ ಯಾರೂ ಜಗಳ ಆಡಲ್ಲ?

ಮಾನಸಿಕ ಕಾಯಿಲೆ ಇರುವವರನ್ನು ಅತಿಯಾಗಿ ಜೋಪಾನ ಮಾಡುವ ಮನೆಯವರು ಸಲಹೆ ಕೇಳಿ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಅಂಥ ಒಂದು ಮನೆಯ ಬಗ್ಗೆ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅಮ್ಮನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೂ ಒಮ್ಮೆ ಖಿನ್ನತೆಗೂ ಹೊಯ್ದಾಡುವ ಕಾಯಿಲೆ. ಅದಕ್ಕೆ ಕೊಡುವ ಲಿಥಿಯಂ ಮಾತ್ರೆ ಹಿಡಿದಿದೆ, ಆರೋಗ್ಯ ತಕ್ಕಮಟ್ಟಿಗೆ ಚೆನ್ನಾಗಿದೆ. ಗಂಡ ಮತ್ತು ಮಗಳು ತುಂಬಾ ಜೋಪಾನ ಮಾಡುತ್ತಾರೆ. ಆದರೂ ಅಮ್ಮ ಮಾತು ಕಮ್ಮಿ ಮಾಡಿದ್ದರು.

ಮಗಳು ಅಮ್ಮನ ಜೊತೆ ಕೂತು 'ಯುನೈಟೆಡ್ ಸ್ಟೇಟ್ಸ್ ಆಫ್ ತಾರಾ' ನೋಡಿದ್ದಳು. 2009ರಿಂದ 2011ರವರೆಗೆ ಅಮೆರಿಕದ ಷೋಟೈಮ್ ಚಾನೆಲ್‌ನಲ್ಲಿ ಬಂದ ಸರಣಿ. ತಾಯಿ ತಾರಾ ಒಮ್ಮೆ ಹದಿಹರೆಯದ ಹುಡುಗಿ, ಒಮ್ಮೆ ಅಚ್ಚುಕಟ್ಟು ಗೃಹಿಣಿ, ಒಮ್ಮೆ ಬಕ್ ಎಂಬ ಒರಟ ಆಗಿಬಿಡುತ್ತಾಳೆ. ಟೋನಿ ಕೊಲೆಟ್‌ಗೆ ಈ ಪಾತ್ರಕ್ಕೆ ಎಮ್ಮಿ ಬಂತು. (ತಾರಾಳದು ಒಬ್ಬರೊಳಗೇ ಹಲವು ವ್ಯಕ್ತಿತ್ವಗಳು ಬಂದು ಹೋಗುವ ಬೇರೆಯೇ ಕಾಯಿಲೆ. ಬೈಪೋಲಾರ್ ಜೊತೆ ಬೆರೆಸಬೇಡಿ.)

"ಅಮ್ಮನ ಎದುರಿಗೇ ನಕ್ಕುಬಿಟ್ಟೆ ಮೇಡಂ," ಅಂದಳು ಮಗಳು. ಅಪ್ಪನಿಗೆ ಅದೇ ಸಿಟ್ಟು.

ಅಷ್ಟರಲ್ಲಿ ಅಮ್ಮ ಬಾಯಿಬಿಟ್ಟರು. "ನಾನೂ ನಕ್ಕೆ. ಅದಿರಲಿ, ಆ ತಾರಾ ಮಗಳು ಕೇಟ್ ಅವರಮ್ಮನ ಮೇಲೆ ರೇಗ್ತಾಳೆ. ನನ್ನ ಜೊತೆ ಯಾಕೆ ಯಾರೂ ಜಗಳ ಆಡಲ್ಲ? ಸಾರಿಗೆ ಉಪ್ಪು ಜಾಸ್ತಿ ಆದರೂ ಚೆನ್ನಾಗಿದೆ ಅಂತಾರೆ. ನಾನು ರೇಗಿದರೆ ಮಾತ್ರ 'ಮಾತ್ರೆ ತಗೊಂಡ್ಯಾ?' ಅಂತಾರೆ."

"ಕೇಳೋದು ತಪ್ಪಾ?" ಅಂದರು ಗಂಡ.

ಹಿಂದಿನ ಸಲ ಅಮ್ಮ ಯಾಕೆ ರೇಗಿದರು ಅಂತ ಕೇಳಿದೆ. ಗಂಡ ಸ್ವಲ್ಪ ತಡೆದು ಹೇಳಿದರು: "ಅವಳ ತಂಗಿ ಮಗನ ಮದುವೆಗೆ ನಾವಿಬ್ಬರೇ ಹೋಗಿ ಬಂದ್ವಿ. ಅವಳಿಗೆ ಹೇಳಿರಲಿಲ್ಲ."

"ನನಗಾದರೂ ಸಿಟ್ಟು ಬರ್ತಿತ್ತು," ಅಂದೆ.

ನಾನು ಕೊಟ್ಟ ಸಲಹೆ ಇಷ್ಟೇ. ಮಾತ್ರೆ ಬಗ್ಗೆ ಒಬ್ಬರೇ ಕೇಳಲಿ, ದಿನಕ್ಕೆ ಒಂದೇ ಸಲ. ಜಗಳದ ಮಧ್ಯೆ ಬೇಡವೇ ಬೇಡ. ಉಪ್ಪು ಜಾಸ್ತಿ ಆದರೆ ಹಾಗೇ ಹೇಳಿ. ನಿದ್ದೆ ಕಮ್ಮಿಯಾಗಿಯೂ ಸುಸ್ತಿಲ್ಲದೆ ಓಡಾಡುವುದು, ಹಿಡಿತವಿಲ್ಲದೆ ಖರ್ಚು ಮಾಡುವುದು, ಇಂಥ ಕಾಯಿಲೆಯ ಮುನ್ಸೂಚನೆ ಶುರುವಾದರೆ ಯಾರು ಡಾಕ್ಟರಿಗೆ ಫೋನ್ ಮಾಡಬೇಕು? ಅದನ್ನು ಅಮ್ಮನೇ, ಚೆನ್ನಾಗಿರುವಾಗಲೇ, ಬರೆದಿಡಲಿ.

ಕಾಯಿಲೆಯವರ ಜೊತೆ ಜಗಳ ಆಡಿ ಅಂತೀರಾ ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಮನೆಯವರ ಕಟುಮಾತು, ದ್ವೇಷ ಇದ್ದಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ, ನಿಜ. ಬ್ರಿಟನ್ನಿನ ಸಂಶೋಧಕ ಜಾರ್ಜ್ ಬ್ರೌನ್ ಮತ್ತು ಸಂಗಡಿಗರ ಕಾಲದಿಂದಲೂ ಗೊತ್ತಿರುವ ಮಾತು. ಆದರೆ ಅದೇ ಅಧ್ಯಯನಗಳು ಅತಿಯಾದ ಜೋಪಾನವನ್ನೂ ಅಪಾಯದ ಪಟ್ಟಿಗೇ ಸೇರಿಸುತ್ತವೆ. ನಮ್ಮ ಕಡೆ ಮೊದಲರ್ಧ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಸಾರಿನ ಉಪ್ಪಿನ ಬಗ್ಗೆ ಹೇಳುವುದು ದ್ವೇಷ ಅಲ್ಲ. ಸಿಟ್ಟನ್ನೆಲ್ಲ ಕಾಯಿಲೆಯ ಲೆಕ್ಕಕ್ಕೆ ಬರೆದರೆ, ಕಾಯಿಲೆಯವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಆಮೇಲೆ ನಿಜವಾದ ಮುನ್ಸೂಚನೆಯೂ ನಮ್ಮ ಕಿವಿಗೆ ಬೀಳಲ್ಲ.

ಗಂಡನಿಗೆ ಈಗಲೂ ಪೂರ್ತಿ ಒಪ್ಪಿಗೆ ಇಲ್ಲ. ಆದರೂ ರಾತ್ರಿ ಊಟವಾದ ಮೇಲೆ ಒಂದೇ ಸಲ ಕೇಳುವ ಕೆಲಸ ಅವರೇ ವಹಿಸಿಕೊಂಡಿದ್ದಾರೆ.