ಬೋರಮಾಳ ಬಿಡಿಸೋದೋ, ಮಗನ ಫೀ ಕಟ್ಟೋದೋ?

ನಮ್ಮಲ್ಲಿಗೆ ಸಲಹೆ ಕೇಳಲು ಬಂದವರು ಹಳೇ ಹುಬ್ಬಳ್ಳಿಯ ದಂಪತಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇವೆ. ಗಂಡನಿಗೆ ಗೋಕುಲ ರಸ್ತೆಯ ವರ್ಕ್‌ಶಾಪಿನಲ್ಲಿ ಲೇಥ್ ಕೆಲಸ, ತಿಂಗಳಿಗೆ ಕೈಗೆ ಬರುವುದು 24,000. ಹೆಂಡತಿ ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುತ್ತಾರೆ, ಖರ್ಚು ಕಳೆದು ತಿಂಗಳಿಗೆ 6,000 ಉಳಿಯುತ್ತದೆ. ಮಗಳು ಖಾಸಗಿ ಇಂಗ್ಲಿಷ್ ಮಾಧ್ಯಮದಲ್ಲಿ ನಾಲ್ಕನೇ ತರಗತಿ. ಮೂರೂವರೆ ವರ್ಷದ ಮಗನನ್ನೂ ಜೂನ್‌ಗೆ ಅದೇ ಶಾಲೆಗೆ ಹಚ್ಚಬೇಕೆಂದು ಗಂಡ, ಬೇಡವೆಂದು ಹೆಂಡತಿ. ಎರಡು ತಿಂಗಳಿಂದ ಮನೆಯಲ್ಲಿ ಸರಿಯಾಗಿ ಮಾತಿಲ್ಲ.

“ನಾ ಕನ್ನಡ ಸಾಲ್ಯಾಗ ಕಲ್ತು ಲೇಥಿಗೆ ನಿಂತೇನ್ರಿ. ಸಿಎನ್‌ಸಿ ಮಷಿನ್ ಕೊಡ್ತೀವಂದ್ರು, ಇಂಗ್ಲಿಷ್ ಮ್ಯಾನ್ಯುವಲ್ ಓದಾಕ ಬರಲಿಲ್ಲ. ಮಗಂಗ ಹಂಗ ಆಗಬಾರದು” ಎಂದರು ಗಂಡ. (ಸಿಎನ್‌ಸಿ ಎಂದರೆ ಕಂಪ್ಯೂಟರ್‌ನಿಂದ ನಡೆಯುವ ಯಂತ್ರ.) “ನನ್ನ ಬೋರಮಾಳ ಮೂರು ವರ್ಷದಿಂದ ಫೈನಾನ್ಸಿನ್ಯಾಗ ಐತ್ರಿ. ಬರೇ ಬಡ್ಡಿ ಕಟ್ಟಿ ಹೊಳ್ಳಿ ಇಡ್ತೀವಿ” ಎಂದರು ಹೆಂಡತಿ. ಬೋರಮಾಳ ಎಂದರೆ ಕೊರಳಿನ ಬಂಗಾರದ ಗುಂಡಿನ ಸರ, ಅದನ್ನು ಅಡವಿಟ್ಟಿದ್ದಾರೆ. ಅತ್ತೆಯವರದು ಇನ್ನೊಂದು ಮಾತು: ಮಗಳನ್ನು ಆ ಶಾಲೆಯಿಂದ ಬಿಡಿಸಿ, ಆ ರೊಕ್ಕದಲ್ಲಿ ಮೊಮ್ಮಗನನ್ನು ಓದಿಸಿ.

ಅತ್ತೆಯವರ ಮಾತನ್ನು ಮೊದಲು ಬದಿಗಿಡಿಸಿದೆವು. ಏನೇ ತೀರ್ಮಾನವಾದರೂ ಇಬ್ಬರು ಮಕ್ಕಳಿಗೂ ಒಂದೇ ಅಳತೆ. ಹತ್ತು ವರ್ಷದ ಹುಡುಗಿಗೆ ತಮ್ಮನಿಗಾಗಿ ತನ್ನನ್ನು ಬಿಡಿಸಿದರು ಎಂಬುದು ಗೊತ್ತಾಗದೆ ಇರುವುದಿಲ್ಲ, ಆ ಗಾಯ ಬೇಗ ಮಾಯುವುದೂ ಇಲ್ಲ.

ಮಗಳ ಫೀ ವರ್ಷಕ್ಕೆ ಎಷ್ಟೆಂದು ಕೇಳಿದರೆ ಇಬ್ಬರೂ 38,000 ಎಂದರು. ಅದು ರಸೀದಿಯ ಅಂಕಿ. ಕೂಡಿಸಿ ಬರೆದಾಗ ಶಾಲೆಗೆ ಹೋಗಿಬರುವ ಟಂಟಂ ಆಟೋ ಬಾಡಿಗೆ 9,000, ಪುಸ್ತಕ-ನೋಟ್‌ಬುಕ್ 6,200, ಯೂನಿಫಾರ್ಮ್ ಮತ್ತು ಬೂಟು 4,300, ಗ್ಯಾದರಿಂಗ್, ಟ್ರಿಪ್ಪು 2,000, ಸಂಜೆ ಟ್ಯೂಷನ್ 8,000 ಸೇರಿ 67,500 ಆಯಿತು. ಬಾಡಿಗೆ, ಸಂತೆ, ಗ್ಯಾಸು, ಔಷಧ, ಹಬ್ಬ ಎಲ್ಲ ಕಳೆದು ಈ ಮನೆಯಲ್ಲಿ ವರ್ಷಕ್ಕೆ ಉಳಿಯುವುದು 78,000. ಮಗಳ ಖರ್ಚಿನ ನಂತರ 10,500. ಬೋರಮಾಳದ ಮೇಲಿನ 80,000 ಸಾಲಕ್ಕೆ 18 ಪರ್ಸೆಂಟಿನಂತೆ ಬಡ್ಡಿಯೇ 14,400. ಅಂದರೆ ಮಗನನ್ನು ಹಚ್ಚುವ ಮೊದಲೇ ಮನೆ ವರ್ಷಕ್ಕೆ 3,900 ಹಿಂದೆ ಬೀಳುತ್ತಿದೆ. ಖರ್ಚು ವರ್ಷಕ್ಕೆ 8 ಪರ್ಸೆಂಟ್ ಏರಿದರೂ ಮಗಳು ಹತ್ತನೇ ತರಗತಿಗೆ ಬರುವಾಗ ಅವಳೊಬ್ಬಳದೇ 1,07,000. ಹೆಚ್ಚಿನ ಮನೆಗಳು ಎಡವುವುದು ಇಲ್ಲೇ: ಎಲ್‌ಕೆಜಿ ಫೀ ನೋಡಿ ಹಚ್ಚುತ್ತಾರೆ, ಪಿಯುಸಿ-ಡಿಗ್ರಿ ಹೊತ್ತಿಗೆ ಕೈ ಬರಿದು.

ಎರಡನೇ ಭೇಟಿಗೆ ಮಗಳ ಇಂಗ್ಲಿಷ್ ಪುಸ್ತಕ ತರಿಸಿದೆವು. ಪಾಠವನ್ನು ಹುಡುಗಿ ಎಲ್ಲೂ ನಿಲ್ಲದೆ ಓದಿದಳು. ವಾಕ್ಯದ ನಡುವಿನ ಒಂದು ಶಬ್ದದ ಮೇಲೆ ಬೆರಳಿಟ್ಟು ಕೇಳಿದಾಗ, ವಾಕ್ಯದ ಮೊದಲಿನಿಂದ ಬಾಯಲ್ಲೇ ಹೇಳಿಕೊಂಡು ಬಂದು ಆ ಶಬ್ದ ಮುಟ್ಟಿದಳು. ಅದನ್ನೇ ಬೇರೆ ಹಾಳೆಯಲ್ಲಿ ಬರೆದು ತೋರಿಸಿದರೆ ಓದಲು ಬರಲಿಲ್ಲ. ಕನ್ನಡದಲ್ಲಿ ಒತ್ತಕ್ಷರಕ್ಕೆ ತಡವರಿಸಿದಳು. ತಂದೆ ಸುಮ್ಮನಾದರು. ತಪ್ಪು ಹುಡುಗಿಯದಲ್ಲ ಎಂದು ಅವಳ ಮುಂದೆಯೇ ಹೇಳಿದೆವು. ಎಲ್ಲ ಖಾಸಗಿ ಶಾಲೆಯೂ ಹೀಗಲ್ಲ, ಸರಕಾರಿ ಶಾಲೆಯಾದರೆ ಸಾಕು ಎಂದೂ ಅಲ್ಲ. ಎರಡೂ ಕಡೆ ಇದೇ ಪರೀಕ್ಷೆ ಮಾಡಬೇಕು.

ಕೊಟ್ಟ ಸಲಹೆ ಇದು. ಮಗನಿಗೆ ಈ ವರ್ಷ ಅಂಗನವಾಡಿ; ಹತ್ತಿರದ ಸರಕಾರಿ ಶಾಲೆಯಲ್ಲಿ ಎಲ್‌ಕೆಜಿ ಇದ್ದರೆ ಅದೂ ಆದೀತು. ಶಾಲೆ ನೋಡಲು ತಂದೆಯೇ ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೋಗಬೇಕು. ಎಷ್ಟು ತರಗತಿಗೆ ಎಷ್ಟು ಶಿಕ್ಷಕರು, ಶೌಚಾಲಯದಲ್ಲಿ ನೀರಿದೆಯೇ, ಮೂರನೇ ತರಗತಿಯ ಮಗು ಹೊಸ ಪುಟ ಓದುತ್ತದೆಯೇ ಎಂದು ನೋಡಬೇಕು. ಒಂದರಿಂದ ಮೂರರವರೆಗೆ ಮಕ್ಕಳು ಒಟ್ಟಿಗೆ ಕುಳಿತಿದ್ದರೆ ಗಾಬರಿ ಬೇಡ, ನಲಿ-ಕಲಿ ಪದ್ಧತಿಯೇ ಹಾಗೆ. ನಾಲ್ಕು-ಐದನ್ನು ಒಬ್ಬರೇ ನಡೆಸುತ್ತಿದ್ದರೆ ಯೋಚಿಸಬೇಕು. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯ ಉಚಿತ ಸೀಟಿನ ಆಸೆಯೂ ಅವರಿಗಿತ್ತು. 2018ರ ನಿಯಮ ತಿದ್ದುಪಡಿಯ ನಂತರ, ಸಮೀಪದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಸಿಗುವುದಿಲ್ಲ. ಅವರಿಗೆ ಗೊತ್ತಿಲ್ಲದ ಇನ್ನೊಂದು: ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರಿಗೆ ರಾಜ್ಯದ ಸರಕಾರಿ ನೇಮಕಾತಿಯಲ್ಲಿ 5 ಪರ್ಸೆಂಟ್ ಮೀಸಲಾತಿ ಇದೆ. ನಡುವೆ ಮಾಧ್ಯಮ ಬದಲಿಸಿದರೆ ಅದು ಹೋಗುತ್ತದೆ.

ಮಗಳನ್ನು ಈಗ ಕದಲಿಸುವುದು ಬೇಡ, ಐದನೇ ತರಗತಿ ಮುಗಿಯಲಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳ ಪ್ರವೇಶ ಆರನೇ ತರಗತಿಗೆ. ಜಾತಿ-ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಡಬೇಕು. ಅವಳು ಮನೆಯಲ್ಲೇ ಇರಲಿ ಎಂದಾದರೆ ಎಂಟಕ್ಕೆ ಅನುದಾನಿತ ಪ್ರೌಢಶಾಲೆ ನೋಡಬಹುದು. ಬಾಕಿ ಫೀ ನೆಪದಲ್ಲಿ ಟಿಸಿ ತಡೆದರೆ ಬರಹದಲ್ಲಿ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸಹಿ-ಸಿಕ್ಕಾ ಹಾಕಿಸಿಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಬೇಕು. 14 ವರ್ಷದೊಳಗಿನ ಮಗುವಿಗೆ ಟಿಸಿ ಬಂದಿಲ್ಲವೆಂದು ಸರಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ.

ಟ್ಯೂಷನ್ ಬಿಡಿಸಿ, ರಾತ್ರಿ ಅರ್ಧ ತಾಸು ತಂದೆ-ಮಗಳು ಒಂದೇ ಇಂಗ್ಲಿಷ್ ಪುಟ ಬೆರಳಿಟ್ಟು ಓದುವುದು. ಮ್ಯಾನ್ಯುವಲ್ ಓದಬೇಕೆಂಬ ತಂದೆಯ ಆಸೆಗೂ ಅದೇ ದಾರಿ. ಟಂಟಂ ಬದಲು ಅವರ ಬೈಕು. ಬಂಗಾರದ ಸಾಲವನ್ನು 10 ಪರ್ಸೆಂಟಿನ ಬ್ಯಾಂಕಿಗೆ ವರ್ಗಾಯಿಸಿದರೆ ಬಡ್ಡಿ 8,000ಕ್ಕೆ ಇಳಿಯುತ್ತದೆ. ಇಷ್ಟಾದರೆ ಫೀ ಏರಿಕೆ ಕಳೆದೂ ವರ್ಷಕ್ಕೆ 15,000ದಷ್ಟು ಅಸಲಿಗೆ ಹೋಗುತ್ತದೆ.

ಮೂರನೇ ಭೇಟಿಗೆ ಬ್ಯಾಂಕಿನ ಚೀಟಿ ಹಿಡಿದುಕೊಂಡು ಬಂದರು. ತಂದೆ ಶಾಲೆ ನೋಡಿ ಬಂದಿದ್ದರು: ಐದು ತರಗತಿಗೆ ಮೂವರು ಶಿಕ್ಷಕರು, ಒಂದು ಹುದ್ದೆ ಖಾಲಿ. ಅತಿಥಿ ಶಿಕ್ಷಕರು ಬಂದ ಮೇಲೆ, ಜುಲೈಯಲ್ಲಿ ಇನ್ನೊಮ್ಮೆ ಹೋಗಿ ನೋಡಲು ಹೇಳಿದ್ದೇವೆ.