ಕಸದ ಚೀಲದ ಮೇಲೆ ನನ್ನ ಹೆಸರು

ಅಕ್ಕಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ಏಕವಚನದಲ್ಲೇ ಉತ್ತರ ಕೊಡುತ್ತೇನೆ, ಬೇಜಾರು ಮಾಡ್ಕೋಬೇಡ. ದಾವಣಗೆರೆಯಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದವಳು ಈ ಏಪ್ರಿಲ್‌ಗೆ ಜಪಾನಿನ ನೀಗಾತಾದ ಒಂದು ಸಣ್ಣ ಊರಿನ ಶಾಲೆಗಳಿಗೆ ಎ.ಎಲ್.ಟಿ., ಅಂದರೆ ಇಂಗ್ಲಿಷ್ ಪಾಠದ ಸಹಾಯಕ ಟೀಚರ್, ಆಗಿ ಹೊರಟಿದ್ದೀಯ. ಊಟ ಹೇಗೆ, ಚಳಿ ತಡೆಯಬಹುದಾ, ದುಡ್ಡು ಉಳಿಯುತ್ತಾ, ಒಬ್ಬಳೇ ಇರೋಕೆ ಭಯ ಇಲ್ವಾ ಅಂತ ಕೇಳಿದ್ದೀಯ.

ಭಯ ಇಲ್ಲ. ರಾತ್ರಿ ಹತ್ತಕ್ಕೆ ಒಬ್ಬಳೇ ನಡೆದು ಬರಬಹುದು. ಎದುರಿಗೆ ಯಾರೂ ಸಿಗೋದೂ ಇಲ್ಲ, ಅದೇ ಬೇರೆ ಕಷ್ಟ.

ನಾನು ಬಂದದ್ದು 2013ರ ಏಪ್ರಿಲ್. ಎಚಿಗೊ-ಯುಜಾವಾದಲ್ಲಿ ರೈಲು ಬದಲಿಸಿ ತೋಕಾಮಾಚಿ ಕಡೆಗೆ ಬಂದೆ. ಊರಲ್ಲಿ ಮಾವಿನಕಾಯಿ ಕಾಲ, ಇಲ್ಲಿ ರಸ್ತೆಯ ಎರಡೂ ಕಡೆ ಸೊಂಟದೆತ್ತರ ಹಿಮ. ಆದರೆ ರಸ್ತೆ ಕೆಂಪು! ಹಿಮ ಕರಗಿಸೋಕೆ ರಸ್ತೆ ಮಧ್ಯದ ಪೈಪಿನಿಂದ ಅಂತರ್ಜಲ ಚಿಮ್ಮಿಸುತ್ತಾರೆ, ಆ ನೀರಿನ ಕಬ್ಬಿಣದ ಅಂಶಕ್ಕೆ ರಸ್ತೆ ತುಕ್ಕು ಬಣ್ಣಕ್ಕೆ ತಿರುಗಿರುತ್ತೆ. ನನಗೆ ಸಾಗರದ ನಮ್ಮ ಮನೆ ಮುಂದಿನ ಕೆಮ್ಮಣ್ಣಿನ ದಾರಿ ಕಂಡ ಹಾಗಾಯಿತು. ಪೆಟ್ಟಿಗೆ ಎಳೆದುಕೊಂಡು ಅಲ್ಲೇ ಸ್ವಲ್ಪ ಹೊತ್ತು ನಿಂತುಬಿಟ್ಟಿದ್ದೆ.

ಚಳಿ ಹೊರಗಿಗಿಂತ ಮನೆಯೊಳಗೇ ಜಾಸ್ತಿ. ಹಳೇ ಮನೆಗಳಲ್ಲಿ ಇಡೀ ಮನೆ ಬಿಸಿಯಾಗೋ ವ್ಯವಸ್ಥೆ ಇರಲ್ಲ. ಸೀಮೆಎಣ್ಣೆ ಒಲೆ ಇರುವ ಕೋಣೆ ಒಂದೇ ಬೆಚ್ಚಗೆ. 18 ಲೀಟರಿನ ಕೆಂಪು ಕ್ಯಾನು ಹೊತ್ತು ಅಭ್ಯಾಸ ಆಗುತ್ತೆ. ಕೊತಾತ್ಸು ಅಂತ ಗಿಡ್ಡ ಮೇಜು, ಅಡಿಯಲ್ಲಿ ಹೀಟರು, ಮೇಲೆ ರಜಾಯಿ. ಮೊದಲು ಅದನ್ನು ಕೊಂಡುಕೋ. ಜನವರಿಯಲ್ಲಿ ದೋಸೆ ಹಿಟ್ಟು ಹುಳಿ ಬರೋದು ಅದರೊಳಗೆ ಇಟ್ಟರೆ ಮಾತ್ರ.

ಊಟದ್ದು ಹೇಳಿದರೆ ಮುಗಿಯಲ್ಲ. ಶಾಲೆಯ ಮಧ್ಯಾಹ್ನದ ಊಟದಲ್ಲಿ ತರಕಾರಿ ಪಲ್ಯ ಅಂತ ಕಂಡದ್ದಕ್ಕೂ ಮೀನಿನ ಸಾರು ಬಿದ್ದಿರುತ್ತೆ. ಬಂದ ಮೊದಲ ವಾರವೇ ಡಬ್ಬಿ ತರುತ್ತೇನೆ ಅಂತ ಕೇಳಿಕೋ, ಮುಜುಗರ ಬೇಡ. ಅಕ್ಕಿ ಇಲ್ಲಿಯದು ಹೆಸರುವಾಸಿ ಕೊಶಿಹಿಕಾರಿ, ಅಂಟು. ಸಾರಿಗೆ ಆಗಲ್ಲ, ಮೊಸರನ್ನಕ್ಕೆ ಮಾತ್ರ ಅಮೃತ. ತೊಗರಿಬೇಳೆ, ಹುಣಸೆಹಣ್ಣು ತೋಕಿಯೊದ ಭಾರತದ ಅಂಗಡಿಗಳಿಂದ ಪಾರ್ಸೆಲ್ ಬರುತ್ತವೆ. ಕಳಲೆ, ಕೆಸುವಿನ ಗಡ್ಡೆ ಇಲ್ಲೂ ಸಿಗುತ್ತವೆ. ಬಯಲುಸೀಮೆಯವಳಿಗೆ ಅದರ ಬೆಲೆ ಗೊತ್ತಾಗಲ್ಲ ಬಿಡು.

ದುಡ್ಡು ಉಳಿಯುತ್ತೆ, ಆದರೆ ಎರಡನೇ ವರ್ಷದ ಜೂನ್‌ಗೆ ಎತ್ತಿಡು. ಊರಿನ ತೆರಿಗೆ ಹಿಂದಿನ ವರ್ಷದ ಆದಾಯದ ಮೇಲೆ ಬರೋದರಿಂದ ಮೊದಲ ವರ್ಷ ಸುಮ್ನೆ ಖುಷಿಯಾಗಿರುತ್ತೀಯ. ನನ್ನ ಮೊದಲ ಒಪ್ಪಂದದಲ್ಲಿ ಆಗಸ್ಟ್ ಸಂಬಳ ಅರ್ಧ ಅಂತ ಒಂದು ಸಾಲು ಇತ್ತು, ನಾನು ಓದಿರಲಿಲ್ಲ. ನೀನು ಓದು. ಕಾರು ಬೇಕೇ ಬೇಕು. ಅಂತರರಾಷ್ಟ್ರೀಯ ಪರ್ಮಿಟ್ ಅಲ್ಲೇ ಮಾಡಿಸಿಕೊಂಡು ಬಾ, ಒಂದು ವರ್ಷ ನಡೆಯುತ್ತೆ. ಆಮೇಲೆ ಇಲ್ಲಿಯ ಪರೀಕ್ಷೆ. ಸಾಗರದ ಘಟ್ಟದ ತಿರುವುಗಳಲ್ಲಿ ಬಸ್ಸಿಗೆ ದಾರಿ ಬಿಟ್ಟು ಓಡಿಸಿದವಳು ನಾನು, ಇಲ್ಲಿ ಮೂರು ಸಲ ಫೇಲು.

ಪಾಠದ ಬಗ್ಗೆ ನೀನು ಕೇಳಲೇ ಇಲ್ಲ. ಒಳ್ಳೇದೇ, ಅದು ತಾನಾಗಿ ಬರುತ್ತೆ. ಮಕ್ಕಳು ಬಾಯಿ ಬಿಡಲ್ಲ ಅಂತ ಮೊದಲ ತಿಂಗಳು ಅಳಬೇಡ, ಅಷ್ಟೇ.

ಈಗ ನೀನು ಕೇಳದ ಇನ್ನೊಂದು ವಿಷಯ. ಕಸ.

ಊರಿನ ಹೆಸರು ಅಚ್ಚಾದ ಚೀಲ ಅಂಗಡಿಯಲ್ಲಿ ಕೊಂಡು, ಮೇಲೆ ನಮ್ಮ ಹೆಸರು ಬರೆದು, ಬೆಳಿಗ್ಗೆ ಎಂಟರೊಳಗೆ ಬೀದಿ ತುದಿಯ ಗೂಡಿನಲ್ಲಿ ಇಡಬೇಕು. ಸುಡುವ ಕಸ ಒಂದು ದಿನ, ಪ್ಲಾಸ್ಟಿಕ್ ಇನ್ನೊಂದು ದಿನ, ಗಾಜು, ಡಬ್ಬಿ ಬೇರೆ. ಬಂದಾಗ ಚಿತ್ರಗಳಿದ್ದ ದೊಡ್ಡ ಹಾಳೆ ಕೊಟ್ಟಿದ್ದರು. ನಾನು ಅದನ್ನು ಫ್ರಿಜ್ಜಿಗೆ ಅಂಟಿಸಿ, ಓದಿದೆ ಅಂದುಕೊಂಡೆ. ಅಪ್ಪೆಮಿಡಿ ಬಾಟಲಿ, ತೆಂಗಿನಹಾಲಿನ ಡಬ್ಬಿ, ಒಗ್ಗರಣೆ ಎಣ್ಣೆ ಒರೆಸಿದ ಕಾಗದ, ಎಲ್ಲ ಒಂದೇ ಚೀಲಕ್ಕೆ. ಎರಡು ವರ್ಷ ಯಾರೂ ಏನೂ ಅನ್ನಲಿಲ್ಲ. ನಾನು ಹೊಂದಿಕೊಂಡುಬಿಟ್ಟೆ ಅಂತ ಅಮ್ಮನ ಹತ್ತಿರ ಫೋನಿನಲ್ಲಿ ಜಂಬ ಕೊಚ್ಚಿದ್ದೆ.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ. ಬೆನ್ನು ಪೂರ್ತಿ ಬಾಗಿತ್ತು. ವಸಂತದಲ್ಲಿ ಬೇಯಿಸಿದ ಕಳಲೆಯನ್ನು ನನ್ನ ಬಾಗಿಲಲ್ಲಿ ಇಟ್ಟು ಹೋಗುತ್ತಿತ್ತು. ಹೊಸ ವರ್ಷಕ್ಕೆ ತಪ್ಪದೆ ಕಾರ್ಡು ಹಾಕುತ್ತಿತ್ತು. 2015ರ ಸೆಪ್ಟೆಂಬರಿನಲ್ಲಿ ಅಜ್ಜಿ ಆಸ್ಪತ್ರೆ ಸೇರಿತು. ಮರುವಾರ ನನ್ನ ಚೀಲ ಗೂಡಿನಲ್ಲೇ ಉಳಿದಿತ್ತು, ಮೇಲೆ ಕೆಂಪು ಚೀಟಿ. ಅದರ ಮರುವಾರವೂ. ಬೀದಿಯ ಕುಮಿಚೊ, ಅಂದರೆ ನಮ್ಮ ಗುಂಪಿನ ಮುಖಂಡ, ಚೀಲ ತಂದುಕೊಟ್ಟು ನೆಲ ನೋಡುತ್ತಾ ಹೇಳಿದರು: ಇಷ್ಟು ದಿನ ಅಜ್ಜಿ ಮಾಡ್ತಿದ್ದರಲ್ಲ, ಹಾಗಾಗಿ.

ಏನು ಮಾಡ್ತಿದ್ದರು? ನಾನು ಕಸ ಇಟ್ಟು ಶಾಲೆಗೆ ಹೊರಟ ಮೇಲೆ ನನ್ನ ಚೀಲ ಮನೆಗೆ ಒಯ್ದು, ಬಿಚ್ಚಿ, ಬಾಟಲಿ ತೊಳೆದು, ಬೇರೆ ಮಾಡಿ, ತನ್ನ ದುಡ್ಡಿನ ಹೊಸ ಚೀಲಕ್ಕೆ ತುಂಬಿ, ಗಾಡಿ ಬರೋದರೊಳಗೆ ವಾಪಸು ಇಡುತ್ತಿತ್ತಂತೆ. ಹೊಸ ಚೀಲದ ಮೇಲೆ ನನ್ನ ಹೆಸರನ್ನು ಕತಾಕಾನಾದಲ್ಲಿ, ಅಂದರೆ ವಿದೇಶಿ ಹೆಸರು ಬರೆಯೋ ಜಪಾನೀ ಲಿಪಿಯಲ್ಲಿ, ತಾನೇ ಬರೆಯುತ್ತಿತ್ತಂತೆ. ಆ ಬಾಗಿದ ಬೆನ್ನಿನಲ್ಲಿ, ಹಿಮದಲ್ಲೂ.

ನಮ್ಮೂರಲ್ಲಾಗಿದ್ದರೆ ಪಕ್ಕದ ಮನೆ ಅತ್ತೆ ಮೊದಲ ದಿನವೇ ಅಂಗಳದಲ್ಲಿ ನಿಂತು "ಏ ಕೂಸೇ, ಬಾಟ್ಲಿ ಎಲ್ಲಿಗೆ ಹಾಕ್ತೆ?" ಅಂತ ಊರಿಗೇ ಕೇಳೋ ಹಾಗೆ ಬೈದಿರುತ್ತಿದ್ದಳು. ನಿನಗೆ ಬಿಡಿಸಿ ಹೇಳಬೇಕಿಲ್ಲ. ಬೈದವರು ನಮ್ಮವರು ಅನ್ನೋ ಲೆಕ್ಕದಲ್ಲಿ ಬೆಳೆದವರು ನಾವು. ಇಲ್ಲಿ ಯಾರೂ ಬೈಯದ್ದನ್ನು ನಾನು ಎಲ್ಲ ಸರಿಯಾಗಿದೆ ಅಂತ ಓದಿಕೊಂಡೆ.

ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮಗಳು ಅಜ್ಜಿಯನ್ನು ತೋಕಿಯೊ ಪಕ್ಕದ ಸೈತಾಮಾಗೆ ಕರೆದುಕೊಂಡು ಹೋಗಿದ್ದಳು. ಕಾಗದ ಬರೆಯೋಣ ಅಂದುಕೊಂಡೆ. ನನ್ನ ಜಪಾನೀಸ್ ಸ್ವಲ್ಪ ಸುಧಾರಿಸಲಿ, ತಪ್ಪಿಲ್ಲದೆ ಕ್ಷಮೆ ಕೇಳೋಣ ಅಂತ ಒಂದು ವರ್ಷ ತಳ್ಳಿದೆ. 2016ರ ಡಿಸೆಂಬರಿನಲ್ಲಿ ಸೈತಾಮಾದಿಂದ ಒಂದು ಕಾರ್ಡು ಬಂತು. ತಿಳಿ ಬೂದು ಬಣ್ಣದಲ್ಲಿ ಸೇವಂತಿಗೆ ಹೂವಿನ ಚಿತ್ರ, ನಾಲ್ಕು ಸಾಲು ಕಾಂಜಿ ಚಿತ್ರಾಕ್ಷರ. ಅಜ್ಜಿ ಈ ಸಲ ಬೇಗ ಕಳಿಸಿದೆ ಅಂತ ಖುಷಿಯಾಗಿ ಫ್ರಿಜ್ಜಿನ ಮೇಲೆ, ಕಸದ ಹಾಳೆಯ ಪಕ್ಕ, ಅಂಟಿಸಿದೆ. ನಾನೂ ಹೊಸ ವರ್ಷಕ್ಕೆ ಬಣ್ಣಬಣ್ಣದ ಕಾರ್ಡು ಕಳಿಸಿದೆ, ಶುಭಾಶಯ ಅಂತ ಬರೆದು.

ಫೆಬ್ರವರಿಯಲ್ಲಿ ಶಾಲೆಯ ಆಫೀಸಿನ ಹೆಂಗಸು ದೋಸೆ ತಿನ್ನೋಕೆ ಬಂದಿದ್ದಳು. ಫ್ರಿಜ್ಜಿನ ಮುಂದೆ ನಿಂತು ಸುಮ್ಮನಾದಳು. ಸಾವಾದ ಮನೆಯವರು ವರ್ಷದ ಕೊನೆಗೆ ಕಳಿಸೋ ಕಾರ್ಡು ಅದು. ನಾವು ಸೂತಕದಲ್ಲಿದ್ದೇವೆ, ಈ ಸಲ ಹೊಸ ವರ್ಷದ ಶುಭಾಶಯ ಇಲ್ಲ ಅಂತ. ಅದರಲ್ಲಿ ಅಜ್ಜಿ ತೀರಿಕೊಂಡ ತಿಂಗಳೂ ಇತ್ತು. ಅದು ಜೂನ್.

ಮಗಳಿಗೆ ಆಮೇಲೆ ಬರೆದೆ, ತಪ್ಪುತಪ್ಪಾಗಿಯೇ. ಉತ್ತರವೂ ಬಂತು, ತುಂಬಾ ವಿನಯದ್ದು. ಅದರಲ್ಲಿ ಬೇಜಾರಿತ್ತಾ ಇಲ್ವಾ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅದಕ್ಕೇ ಹೇಳೋದು, ಬಾಗಿಲಿಗೆ ಬಂದ ಪ್ರತಿ ಕಾಗದವನ್ನೂ ಮಾರನೇ ದಿನವೇ ಶಾಲೆಯ ಆಫೀಸಿನಲ್ಲಿ ತೋರಿಸು. ಬಂದ ವಾರವೇ ಎರಡೂ ಪಕ್ಕದ ಮನೆಗೆ ಹೋಗು. ಮೈಸೂರು ಪಾಕ್ ಬೇಡ, ಇವರಿಗೆ ಸಿಹಿ ಜಾಸ್ತಿ ಆಗುತ್ತೆ, ಗೋಡಂಬಿ ತಾ. ಕೈಯಲ್ಲಿ ಕಸದ ಹಾಳೆ ಹಿಡಿದೇ ಹೋಗು. ಇದರಲ್ಲಿ ಏನು ಅರ್ಥವಾಗಲಿಲ್ಲ ಅಂತ ನೀನಾಗಿಯೇ ಕೇಳು, ಆಗ ಹೇಳುತ್ತಾರೆ.

ಉಪ್ಪಿನಕಾಯಿ ತರುವುದಾದರೆ ಗಾಜಿನ ಬಾಟಲಿಯಲ್ಲಿ ತರಬೇಡ, ಪ್ಯಾಕೆಟ್ ತಾ. ನನಗೂ ಒಂದು. ಅಪ್ಪೆಮಿಡಿಯೇ ಆಗಲಿ.