ಸೂತ್ರ ಆಮೇಲೆ, ಮೊದಲು ಕರೆಂಟ್ ಎಲ್ಲಿ ನಿಲ್ಲುತ್ತದೆ ನೋಡಿ

230 ವೋಲ್ಟ್ ಎಸಿ, ಅದನ್ನು ಡಿಸಿ ಮಾಡುವ ಎಸ್‌ಸಿಆರ್ ಫುಲ್ ಬ್ರಿಡ್ಜ್ (ಪಲ್ಸ್ ಕೊಟ್ಟಾಗ ಆನ್ ಆಗುವ ನಾಲ್ಕು ಸ್ವಿಚ್, ಎರಡೆರಡರ ಜೋಡಿಯಾಗಿ ಸರದಿಯಲ್ಲಿ), ಫೈರಿಂಗ್ ಆಂಗಲ್, ಅಂದರೆ ಪಲ್ಸ್ ಕೊಡುವ ಕೋನ ಆಲ್ಫಾ, 60 ಡಿಗ್ರಿ. ಆ್ಯವರೇಜ್ ವೋಲ್ಟೇಜ್‌ಗೆ ಎರಡು ಸೂತ್ರ ಇವೆ, ಯಾವುದನ್ನು ಬಾಯಿಪಾಠ ಮಾಡಲಿ ಅಂತ ಕೇಳಿದ್ದೀರಿ. ನಾನು ಒಂದನ್ನು ಬಾಯಿಪಾಠ ಮಾಡಿಯೇ ಕೆಟ್ಟೆ.

ಲ್ಯಾಬ್‌ನಲ್ಲಿ ನನ್ನ ಲೋಡ್ ಬರೀ ರಿಯೋಸ್ಟಾಟ್, ಅಂದರೆ ಹೆಚ್ಚು ಕಡಿಮೆ ಮಾಡಬಹುದಾದ ರೆಸಿಸ್ಟರ್. ತಲೆಯಲ್ಲಿದ್ದ ಸೂತ್ರ 2 × ಪೀಕ್ ÷ ಪೈ × ಕಾಸ್ ಆಲ್ಫಾ. ಪೀಕ್, ಅಂದರೆ ಅಲೆಯ ತುದಿ, 230 × √2 = 325 ವೋಲ್ಟ್, ಹಾಗಾಗಿ ಉತ್ತರ 103.5. ಮೀಟರ್ ಮಾತ್ರ 155ರ ಹತ್ತಿರ ನಿಂತಿತ್ತು. ಫೈರಿಂಗ್ ಸರ್ಕ್ಯೂಟ್ ಕೆಟ್ಟಿದೆ, ಪಲ್ಸ್ ಬೇಗ ಬರುತ್ತಿದೆ ಅಂದುಕೊಂಡೆ. ನಾಬ್ ತಿರುಗಿಸಿ ಮೀಟರನ್ನು 103.5ಕ್ಕೆ ಇಳಿಸಿದೆ. ರೆಕಾರ್ಡ್‌ನಲ್ಲಿ 60 ಡಿಗ್ರಿ ಅಂತ ಬರೆದೆ. ಉಳಿದ ರೀಡಿಂಗ್‌ಗಳನ್ನೂ ಹೀಗೇ ಹೊಂದಿಸಿದೆ.

ಮೇಷ್ಟ್ರು ಬಂದು ಸಿಆರ್‌ಒ (ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್) ನೋಡು ಅಂದರು. ವೋಲ್ಟೇಜ್ ಸೊನ್ನೆಯಲ್ಲೇ ಮಲಗಿದ್ದು, ನೆಟ್ಟಗೆ ಅಲೆಯ ತುದಿಗೆ ಜಿಗಿದು, ಅಲ್ಲಿಂದ ಇಳಿಯುತ್ತಿತ್ತು. ತುದಿ ಅಂದರೆ 90 ಡಿಗ್ರಿ, ಅಲ್ವಾ? ಸರ್ಕ್ಯೂಟ್ ಸರಿಯಾಗಿಯೇ ಇತ್ತು. ಸರಿಯಾದ ರೀಡಿಂಗನ್ನು ನಾನೇ ಕೆಡಿಸಿದ್ದೆ. ರೆಕಾರ್ಡ್ ಪೂರ್ತಿ ತಿರಸ್ಕಾರವಾಯಿತು, ಪ್ರಯೋಗ ಮೊದಲಿಂದ ಮಾಡಬೇಕಾಯಿತು.

ಎಡವಟ್ಟು ಇಷ್ಟೇ. ರೆಸಿಸ್ಟರ್‌ನಲ್ಲಿ ವೋಲ್ಟೇಜ್ ಸೊನ್ನೆಯಾದ ತಕ್ಷಣ ಕರೆಂಟ್ ಕೂಡ ಸೊನ್ನೆ. 180 ಡಿಗ್ರಿಗೆ ಎಸ್‌ಸಿಆರ್ ಆಫ್ ಆಗುತ್ತದೆ. ದೊಡ್ಡ ಇಂಡಕ್ಟರ್ ಇದ್ದರೆ ಅದು ಕರೆಂಟನ್ನು ನಿಲ್ಲಲು ಬಿಡುವುದಿಲ್ಲ. ಮುಂದಿನ ಜೋಡಿ ಆನ್ ಆಗುವವರೆಗೂ, ಅಂದರೆ 180 + ಆಲ್ಫಾವರೆಗೂ, ಹಳೆಯ ಜೋಡಿಯೇ ಹರಿಸುತ್ತದೆ. ಅಷ್ಟು ಹೊತ್ತು ಲೋಡ್ ಮೇಲೆ ಬೀಳುವುದು ನೆಗೆಟಿವ್ ವೋಲ್ಟೇಜ್. ಆ ನೆಗೆಟಿವ್ ತುಂಡು ಸರಾಸರಿಯನ್ನು ಕೆಳಗೆ ಎಳೆಯುತ್ತದೆ. ನನ್ನ ರಿಯೋಸ್ಟಾಟ್‌ನಲ್ಲಿ ಆ ತುಂಡೇ ಇರಲಿಲ್ಲ, ನಾನು ಸುಮ್ನೆ ಅದನ್ನು ಕಳೆದಿದ್ದೆ.

ಹಾಗಾಗಿ ಎರಡರಲ್ಲಿ ಯಾವುದು ಅನ್ನುವ ಪ್ರಶ್ನೆಯನ್ನೇ ಬಿಡಿ. ಇಂಟಿಗ್ರೇಷನ್ ಒಂದೇ. ಒಂದು ಜೋಡಿಯಲ್ಲಿ ಕರೆಂಟ್ ನಿಲ್ಲುವ ಕೋನ ಬೀಟಾ ಆದರೆ, ಸರಾಸರಿ = (ಪೀಕ್ ÷ ಪೈ) × (ಕಾಸ್ ಆಲ್ಫಾ − ಕಾಸ್ ಬೀಟಾ). ಬೀಟಾ 180 ಹಾಕಿ, 1 + ಕಾಸ್ ಆಲ್ಫಾ ಬರುತ್ತದೆ. 180 + ಆಲ್ಫಾ ಹಾಕಿ, 2 ಕಾಸ್ ಆಲ್ಫಾ ಬರುತ್ತದೆ. ಇಂಡಕ್ಟರ್ ಚಿಕ್ಕದಾಗಿ ಕರೆಂಟ್ ನಡುವೆಯೇ ನಿಂತರೆ ಎರಡೂ ತಪ್ಪು, ಬೀಟಾವನ್ನೇ ಹುಡುಕಬೇಕು. ಕೆಲಸ ಜಾಸ್ತಿ, ಆದರೆ ಬೇರೆ ದಾರಿ ಇಲ್ಲ.

ನಿಮ್ಮ ಪ್ರಶ್ನೆಯಲ್ಲಿ ಲೋಡ್ ಯಾವುದು ಅಂತಲೇ ಇಲ್ಲ, ನೋಡಿ! ಬರೀ ರೆಸಿಸ್ಟರ್ ಆದರೆ 155.3 ವೋಲ್ಟ್. ಕರೆಂಟ್ ಎಲ್ಲೂ ನಿಲ್ಲದಷ್ಟು ದೊಡ್ಡ ಇಂಡಕ್ಟರ್ ಇದ್ದರೆ 103.5. ಅದಕ್ಕೇ ಫ್ರೀವೀಲಿಂಗ್ ಡಯೋಡ್ (ಇಂಡಕ್ಟರ್‌ನ ಕರೆಂಟ್ ಬ್ರಿಡ್ಜ್ ಬಿಟ್ಟು ಲೋಡ್‌ನಲ್ಲೇ ಸುತ್ತಲು ಲೋಡ್‌ಗೆ ಅಡ್ಡಲಾಗಿ ಹಾಕುವ ಡಯೋಡ್) ಸೇರಿಸಿದರೆ ನೆಗೆಟಿವ್ ತುಂಡು ಹೋಗಿ ಮತ್ತೆ 155.3. ಬ್ಯಾಟರಿ ಲೋಡ್ ಆದರೆ ಇದ್ಯಾವುದನ್ನೂ ನೇರವಾಗಿ ಹಾಕಬೇಡಿ: ಕರೆಂಟ್ ನಿಂತಾಗಲೂ ಟರ್ಮಿನಲ್‌ನಲ್ಲಿ ಬ್ಯಾಟರಿಯ ವೋಲ್ಟೇಜ್ ಇದ್ದೇ ಇರುತ್ತದೆ, ಆ ಭಾಗವನ್ನೂ ಸರಾಸರಿಗೆ ಕೂಡಿಸಬೇಕು.